ಮೇಕೆಗಳ ಹಿಂದೆ ಒಂದು ದಿನದ ಬೆಟ್ಟ

"ಓದದಿದ್ದರೆ ಕುರಿ ಕಾಯೋಕೆ ಹೋಗು!" ಚಿಂತಾಮಣಿ ಸೀಮೆಯಲ್ಲಿ ಈ ಬೈಗುಳ ಕೇಳದೆ ಎಸ್ಸೆಸ್ಸೆಲ್ಸಿ ದಾಟಿದ ಮಕ್ಕಳು ಕಡಿಮೆ. ತೆಲುಗು ಮಾತನಾಡುವ ಮನೆಗಳಲ್ಲಿ ಕುರಿ ಹೋಗಿ 'ಗೊರ್ರೆ' ಬರುತ್ತದೆ, ಬೈಗುಳ ಮಾತ್ರ ಅದೇ. ಕುರಿ ಕಾಯುವುದೆಂದರೆ ಏನೂ ಬಾರದವರ ಕೆಲಸ ಎಂಬ ತೀರ್ಪು ಅದರಲ್ಲಿ ಅಡಗಿದೆ. ಈ ತೀರ್ಪು ಎಷ್ಟು ಸರಿ ಎಂದು ಪರೀಕ್ಷಿಸಲು ಮಕ್ಕಳಿಗೆ ಒಂದೇ ಒಂದು ಭಾನುವಾರ ಸಾಕು. ಖರ್ಚೂ ಹೆಚ್ಚಿಲ್ಲ. ಒಂದು ಬುತ್ತಿ, ಎರಡು ಬಾಟಲಿ ನೀರು, ಕಾಲಿಗೆ ಗಟ್ಟಿ ಚಪ್ಪಲಿಯೋ ಬೂಟೋ ಇದ್ದರಾಯಿತು.

ಚಿಂತಾಮಣಿ ತಾಲ್ಲೂಕಿನ ಹೋಬಳಿ ಕೇಂದ್ರ ಕೆಂಚಾರ್ಲಹಳ್ಳಿ. ಇಲ್ಲಿನ ಶಾಲಾ ಮಕ್ಕಳಿಗೆ 'ಬೆಟ್ಟದ ಪ್ರವಾಸ' ಎಂದರೆ ಸಾಮಾನ್ಯವಾಗಿ ನಂದಿಬೆಟ್ಟ. ಬೆಳಿಗ್ಗೆ ಬಸ್ಸು ಹತ್ತಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ, ತಿರುವುಗಳಲ್ಲಿ ಇಬ್ಬರು ಮೂವರು ವಾಂತಿ ಮಾಡಿಕೊಂಡು ಮೇಲೆ ತಲುಪುತ್ತಾರೆ. ಟಿಪ್ಪು ಡ್ರಾಪ್ ನೋಡುತ್ತಾರೆ, ಅಮೃತ ಸರೋವರ ನೋಡುತ್ತಾರೆ, ಚಿಪ್ಸ್ ಪೊಟ್ಟಣವನ್ನು ಕೋತಿಗೆ ಕಳೆದುಕೊಳ್ಳುತ್ತಾರೆ. ಸಂಜೆ ಬಸ್ಸಿನಲ್ಲಿ ಅಂತ್ಯಾಕ್ಷರಿ. ಅದೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಬೆಟ್ಟ ಹತ್ತಿದ್ದು ಬಸ್ಸು, ಮಕ್ಕಳಲ್ಲ. ಇನ್ನೊಂದು ತಮಾಷೆಯೂ ಇದೆ. ಬೆಟ್ಟದ ಹೆಸರೇ ಬಸವಣ್ಣನದು. ಅಲ್ಲಿಗೆ ಹೋಗಿಬಂದ ಮಕ್ಕಳಲ್ಲಿ ದನವನ್ನಾಗಲಿ ಮೇಕೆಯನ್ನಾಗಲಿ ಹತ್ತು ನಿಮಿಷ ನಿಂತು ನೋಡಿದವರು ಎಷ್ಟು ಜನ?

ಎತ್ತರದ ಲೆಕ್ಕ

ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. ಚಿಂತಾಮಣಿ ಪಟ್ಟಣವೇ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಂದರೆ ಇಲ್ಲಿನ ಮಕ್ಕಳು ಹುಟ್ಟಿದ ದಿನದಿಂದಲೇ ಅರ್ಧಕ್ಕಿಂತ ಹೆಚ್ಚು ಬೆಟ್ಟ ಹತ್ತಿ ಕುಳಿತವರು! ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಆ ಲೆಕ್ಕದಲ್ಲಿ ಚಿಂತಾಮಣಿಗಿಂತ ನಂದಿಯ ನೆತ್ತಿ ನಾಲ್ಕು ಡಿಗ್ರಿ ತಂಪು. ಚಿಂತಾಮಣಿಗೆ ಹತ್ತಿರದ ಅಂಬಾಜಿದುರ್ಗ 1300 ಮೀಟರಿಗೂ ಮಿಗಿಲು. ಅಲ್ಲಿ ಮೂರು ಡಿಗ್ರಿಯ ವ್ಯತ್ಯಾಸ. ಜೇಬಿನಲ್ಲಿ ಒಂದು ಥರ್ಮಾಮೀಟರ್ ಇದ್ದರೆ ಬುಡದಲ್ಲೊಮ್ಮೆ, ನಡುವೆ ಒಮ್ಮೆ, ತುದಿಯಲ್ಲೊಮ್ಮೆ ನೆರಳಲ್ಲಿ ಹಿಡಿದು ಬರೆದುಕೊಳ್ಳಬಹುದು. ಬಿಸಿಲೂ ಏರುತ್ತಿರುವುದರಿಂದ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಏಕೆ ತಪ್ಪಿತು ಎಂದು ಯೋಚಿಸುವುದೇ ಒಂದು ಪಾಠ.

ತಂದೆತಾಯಂದಿರಿಗೆ ಸಮಾಧಾನದ ಮಾತೊಂದಿದೆ. ಎತ್ತರದ ಬೆಟ್ಟಗಳಲ್ಲಿ ಉಸಿರು ಕಟ್ಟಿ ತಲೆನೋವು ಬರುವ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ನಂದಿಯ ಮೇಲೆ ನೀರು 95 ಡಿಗ್ರಿಗೆ ಕುದಿಯುತ್ತದೆ, ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ 88ಕ್ಕೇ ಕುದಿಯುತ್ತದೆ. ನಮ್ಮ ಬೆಟ್ಟದಲ್ಲಿ ಬೇಳೆ ಬೇಯುವುದು ತುಸು ತಡವಾದೀತು, ಅಷ್ಟೇ. ಇಲ್ಲಿ ಮಕ್ಕಳನ್ನು ಸುಸ್ತು ಮಾಡುವುದು ಎತ್ತರವಲ್ಲ, ಅವಸರ.

ಆ ಅವಸರಕ್ಕೆ ಮದ್ದು ಮೇಕೆ.

ಮೇಕೆಯ ನಡಿಗೆ

ಹಿಂಡಿನ ಹಿಂದೆ ಹೊರಟವರಿಗೆ ಓಡಲು ಅವಕಾಶವೇ ಇಲ್ಲ. ಮೇಕೆ ಹತ್ತು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಎಲೆಗೆ ಬಾಯಿ ಹಾಕುತ್ತದೆ, ಮತ್ತೆ ಹತ್ತು ಹೆಜ್ಜೆ. ಬುಡದಿಂದ ತುದಿಗೆ ನೆಟ್ಟಗೆ ಹೋಗುವುದಿಲ್ಲ, ಓರೆಯಾಗಿ ಸುತ್ತುತ್ತಾ ಏರುತ್ತದೆ. ಬೆಟ್ಟ ಹತ್ತಲು ಇದಕ್ಕಿಂತ ಸಲೀಸಾದ ದಾರಿಯನ್ನು ಯಾವ ಎಂಜಿನಿಯರೂ ಹಾಕಿಕೊಡಲಾರ. ಆರು ವರ್ಷದ ಮಗುವೂ ಅರವತ್ತು ದಾಟಿದ ಅಜ್ಜಿಯೂ ಈ ನಡಿಗೆಗೆ ಹೆಜ್ಜೆ ಕೂಡಿಸಬಹುದು.

ಕಡಿದಾದ ಬಂಡೆಯ ಮೇಲೂ ಅದು ಜಾರುವುದು ಅಪರೂಪ. ಏಕೆಂದರೆ ಗೊರಸಿನ ಹೊರ ಅಂಚು ಗಟ್ಟಿ, ಒಳಭಾಗ ಮೆತ್ತಗೆ. ಅಂಚು ಕಲ್ಲನ್ನು ಕಚ್ಚುತ್ತದೆ, ಮೆತ್ತೆ ಅಂಟಿಕೊಳ್ಳುತ್ತದೆ. ಎರಡು ಬೆರಳು ಬೇರೆ ಬೇರೆಯಾಗಿ ಅಗಲಿಸಬಲ್ಲದು. ಕಣ್ಣನ್ನೂ ಹತ್ತಿರದಿಂದ ನೋಡಬೇಕು. ಅದರ ಪಾಪೆ ನಮ್ಮಂತೆ ದುಂಡಗಿಲ್ಲ, ಅಡ್ಡಲಾಗಿ ಎಳೆದ ಗೆರೆಯ ಹಾಗಿದೆ. ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಕೆ ಮೇಯಲು ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆ ತಿರುಗಿ, ಆ ಗೆರೆ ನೆಲಕ್ಕೆ ಸಮಾನಾಂತರವಾಗಿಯೇ ಉಳಿಯುತ್ತದೆ. ಬಾಯಿ ಹುಲ್ಲಿನಲ್ಲಿದ್ದರೂ ಕಣ್ಣು ಕಾವಲಿನಲ್ಲಿ! ಚಿರತೆ ಯಾವ ದಿಕ್ಕಿನಿಂದ ಬಂದರೂ ಕಾಣಬೇಕಲ್ಲ.

ಇನ್ನು ಬಾಯಿ. ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಇರುವುದು ಗಟ್ಟಿ ವಸಡು ಮಾತ್ರ. ಪುಸ್ತಕದಲ್ಲಿ ಓದಿ ಮರೆತ ಈ ಸಂಗತಿಯನ್ನು ಒಮ್ಮೆ ಬೆರಳಿಟ್ಟು ನೋಡಿದ ಮಗು ಮರೆಯುವುದಿಲ್ಲ. ಕೆಳಗಿನ ಹಲ್ಲು ನೋಡಿಯೇ ಕುರಿಗಾರರು ವಯಸ್ಸು ಹೇಳುತ್ತಾರೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬಂದಿದ್ದರೆ 'ಎರಡು ಹಲ್ಲಿನದು', ಆಮೇಲೆ ನಾಲ್ಕು, ಆರು, ಕಡೆಗೆ ಬಾಯಿಗೂಡಿದ್ದು. ಸಂತೆಯಲ್ಲಿ ಬೆಲೆ ನಿಲ್ಲುವುದೂ ಇದರ ಮೇಲೆಯೇ.

ಕುರಿ ಮತ್ತು ಮೇಕೆ ಒಂದೇ ಹಿಂಡಿನಲ್ಲಿದ್ದರೂ ಊಟದ ರೀತಿ ಬೇರೆ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲು ಹುಡುಕಿದರೆ, ಮೇಕೆ ಹಿಂಗಾಲಿನ ಮೇಲೆ ನಿಂತು ಜಾಲಿಯ ಚಿಗುರನ್ನು ಮುಳ್ಳಿನ ನಡುವಿನಿಂದ ಬಿಡಿಸಿಕೊಳ್ಳುತ್ತದೆ. ಇಲ್ಲೊಂದು ಒಗಟಿದೆ. ಈ ಭಾಗದ ಬರಡು ಬೆಟ್ಟಗಳಲ್ಲಿ ಯಾರೂ ನೆಡದಿದ್ದರೂ ಸೀತಾಫಲ, ತಂಗಡಿ, ಬಂದರಿಕೆ ಗಿಡಗಳು ಇಷ್ಟೊಂದು ಏಕೆ? ಹಿಂಡಿನ ಹಿಂದೆ ಒಂದು ಗಂಟೆ ನಡೆದರೆ ಉತ್ತರ ಸಿಗುತ್ತದೆ. ಮೇಕೆ ಆ ಗಿಡಗಳ ಬಳಿ ಮೂಸಿ ಮುಂದೆ ಹೋಗುತ್ತದೆ. ಅದು ತಿನ್ನದ್ದೆಲ್ಲ ಉಳಿದು ಬೆಳೆದಿದೆ. ತಿಂದದ್ದು ತಲೆ ಎತ್ತಿಲ್ಲ. ಮೇಕೆಯ ಮೇಲೆ ಅರಣ್ಯ ಇಲಾಖೆಗೆ ಇರುವ ಕೋಪಕ್ಕೂ ಇದೇ ಕಾರಣ. ಹಿಂಡು ಹೆಚ್ಚಾಗಿ, ಮೇವಿನ ಜಾಗ ಕಿರಿದಾದಷ್ಟೂ ಎಳೆಯ ಸಸಿಗೆ ಉಳಿವಿಲ್ಲ. ದೂರು ಸುಳ್ಳಲ್ಲ. ಆದರೆ ಕಲ್ಲು ಕ್ವಾರಿ ಒಂದು ಗುಡ್ಡವನ್ನೇ ನುಂಗಿದಾಗ ಮೇಕೆಯನ್ನು ಮಾತ್ರ ದೂರುವುದು ನ್ಯಾಯವೂ ಅಲ್ಲ. ಬಂಡೆಗಳ ನಡುವಿನ ಕುರುಚಲನ್ನೇ ನಂಬಿದ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟ ಅದರ ಹೆಸರಾಂತ ತಾಣಗಳಲ್ಲೊಂದು. ಕಲ್ಲು ಹೋದರೆ ಆ ಹಕ್ಕಿಯೂ ಹೋಯಿತು.

ಯಾರನ್ನು ಕೇಳಬೇಕು?

ಮೊದಲು ಬೇಕಾದದ್ದು ಹಿಂಡಿನವರ ಒಪ್ಪಿಗೆ. "ತಾತಾ, ನಾಳೆ ಹುಡುಗರು ನಿಮ್ಮ ಜೊತೆ ಬೆಟ್ಟಕ್ಕೆ ಬರಬಹುದಾ?" ಎಂದು ಹಿಂದಿನ ಸಂಜೆಯೇ ಕೇಳಬೇಕು. ಅವರ ದಿನ ಕೆಡುತ್ತದೆ ಎಂಬುದು ನೆನಪಿರಲಿ. ಮಕ್ಕಳ ಗದ್ದಲಕ್ಕೆ ಹಿಂಡು ಚದುರಿದರೆ ಹುಡುಕುವವರು ಅವರೇ. ಆದ್ದರಿಂದ ಒಂದು ದಿನದ ಕೂಲಿ ಕೊಡುವುದು ಧರ್ಮ. ಬುತ್ತಿಯಲ್ಲಿ ಅವರ ಪಾಲೂ ಇರಲಿ: ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದಿಷ್ಟು ಚಿತ್ರಾನ್ನ. ಐದಾರು ಮಕ್ಕಳಿಗಿಂತ ಹೆಚ್ಚು ಬೇಡ, ದೊಡ್ಡವರು ಇಬ್ಬರಾದರೂ ಇರಲಿ. ಬೆಟ್ಟ ಮೀಸಲು ಅರಣ್ಯಕ್ಕೆ ಸೇರಿದ್ದರೆ ಇಲಾಖೆಯ ಅನುಮತಿಯೂ ಬೇಕು. ಮನೆಯ ನಾಯಿಯನ್ನು ಮನೆಯಲ್ಲೇ ಬಿಡಬೇಕು. ಹಿಂಡಿನ ನಾಯಿಗೆ ಹೊಸಬ ಸೇರುವುದಿಲ್ಲ, ಕೋತಿಗಂತೂ ಯಾವ ನಾಯಿಯೂ ಸೇರುವುದಿಲ್ಲ.

ಶಾಲೆಗಳಿಗೂ ಇಲ್ಲೊಂದು ಕೆಲಸವಿದೆ. ರಜೆಯ ದಿನ ಅಪ್ಪನ ಜೊತೆ ಹಿಂಡು ಹೊಡೆದುಕೊಂಡು ಹೋಗುವ ಹುಡುಗ ಹುಡುಗಿಯರು ಹಳ್ಳಿಯ ತರಗತಿಗಳಲ್ಲಿ ಇದ್ದೇ ಇರುತ್ತಾರೆ. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಮೇಲೆ ಹೇಳಿದ ಬೈಗುಳ ಬಿದ್ದಿರುವುದು ಅವರ ಮನೆಯ ಕಸುಬಿನ ಮೇಲೆ ತಾನೆ? ಯಾವ ದೊಣೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಬಂಡೆ ಮಳೆಗಾಲದಲ್ಲಿ ಜಾರುತ್ತದೆ, ಯಾವ ಮೇಕೆ ಇನ್ನೆರಡು ದಿನದಲ್ಲಿ ಈಯುತ್ತದೆ, ಇಷ್ಟನ್ನೂ ಬಲ್ಲ ಮಗು ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಬಾಯಿ ಬಿಡುವುದಿಲ್ಲ. ಪ್ರವಾಸದ ದಿನ ಆ ಮಗುವೇ ಮುಂದಾಳಾಗಲಿ. ಜಾಣರೆನಿಸಿಕೊಂಡ ಮುಂದಿನ ಬೆಂಚಿನವರು ಅಂದು ಅವಳನ್ನು ಕೇಳಿ ಬರೆದುಕೊಳ್ಳಲಿ.

ಹಾಗೆಂದು ಮಕ್ಕಳನ್ನು ಶಾಲೆ ಬಿಡಿಸಿ ಕುರಿ ಕಾಯಲು ಕಳಿಸುವುದನ್ನು ಹೊಗಳಲಾಗದು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದು 2009ರ ಕಾಯ್ದೆ ಹೇಳಿದೆ. ಹಿಂಡಿನ ಹಿಂದೆ ಬಾಲ್ಯ ಕಳೆದ ಹಿರಿಯರೇ ತಮ್ಮ ಮಕ್ಕಳಿಗೆ ಆ ಬಾಳು ಬೇಡವೆನ್ನುತ್ತಾರೆ. ಬಿಸಿಲು, ಮಳೆ, ಕಾಲುಬಾಯಿ ಜ್ವರ, ಕಳ್ಳರ ಕಾಟ ಕಂಡವರಿಗೆ ಗೊತ್ತು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಒಂದು ಕೋಟಿ ದಾಟಿ, ರಾಜ್ಯ ದೇಶದಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಇಷ್ಟು ದೊಡ್ಡ ಕಸುಬನ್ನು ನಡೆಸುವವರ ತಿಳಿವಳಿಕೆಯನ್ನು ಬೈಗುಳದ ಮಾತಾಗಿ ಇಟ್ಟುಕೊಂಡಿರುವುದಷ್ಟೇ ಇಲ್ಲಿನ ತಕರಾರು.

ಕೋತಿ, ಹೆಜ್ಜೇನು, ಕುದುರೆ

ಬೆಟ್ಟದಲ್ಲಿ ಎದುರಾಗುವ ಎಲ್ಲ ಪ್ರಾಣಿಗಳೂ ಮೇಕೆಯಷ್ಟು ಸಾಧುವಲ್ಲ. ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ನಮ್ಮ ಕೋತಿ ದಕ್ಷಿಣ ಭಾರತದ್ದೇ ಜೀವಿ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಜಗಳಕ್ಕೆ ಕರೆದಂತೆ. ಹಲ್ಲು ಬಿಟ್ಟು ನಕ್ಕರಂತೂ ಅದು ನಗುವೆಂದು ತಿಳಿಯುವುದಿಲ್ಲ. ಕಡಲೆಕಾಯಿ, ಬಿಸ್ಕತ್ತು ಕೊಟ್ಟು ಸಾಕಿದ್ದು ಜನರೇ, ಕಿತ್ತುಕೊಳ್ಳುತ್ತದೆ ಎಂದು ಕಲ್ಲು ಬೀಸುವುದೂ ಜನರೇ. ತಿಂಡಿ ಚೀಲ ಮುಚ್ಚಿರಲಿ, ಏನನ್ನೂ ಕೊಡಬಾರದು. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕಾಣಬೇಕು. ಅರಿಶಿನ, ಸುಣ್ಣ ಹಚ್ಚಿ ಕೂರುವುದು ಅಪಾಯ.

ಹೆಬ್ಬಂಡೆಗಳ ಹೊಟ್ಟೆಯಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಬೆಂಕಿ ಹಾಕುವುದು, ಕಲ್ಲು ಹೊಡೆಯುವುದು, ಘಾಟು ಸೆಂಟು ಹಾಕಿಕೊಂಡು ಹೋಗುವುದು ಬೇಡ. ತಾತ "ಅತ್ತ ಬೇಡ" ಎಂದರೆ ಅತ್ತ ಹೋಗಬಾರದು, ಕಾರಣ ಆಮೇಲೆ ಕೇಳಿದರಾಯಿತು. ಚಿರತೆಯ ಓಡಾಟ ಇರುವ ಬೆಟ್ಟಗಳಾದ್ದರಿಂದ ಕತ್ತಲಿಗೆ ಮೊದಲೇ ಇಳಿದಿರಬೇಕು. ಹಿಂಡೂ ಹಾಗೆಯೇ ಇಳಿಯುತ್ತದೆ.

ಮುಂದೆಂದೋ ಊಟಿಗೋ ಹಿಮಾಲಯಕ್ಕೋ ಹೋದಾಗ ಮಕ್ಕಳು ಕುದುರೆ ಸವಾರಿಗೆ ಹಟ ಮಾಡುತ್ತಾರೆ. ಪ್ರಾಣಿ ಹೊರುವ ಬೆಟ್ಟದ ಕತೆ ಬೇರೆ. 2022ರ ಕೇದಾರನಾಥ ಯಾತ್ರೆಯ ಮೊದಲ ವಾರಗಳಲ್ಲೇ ಹಲವು ಕುದುರೆ, ಹೇಸರಗತ್ತೆಗಳು ದಾರಿಯಲ್ಲಿ ಸತ್ತವು. ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಷ್ಟು ಹಿಂದೆಯೇ ಕೇಂದ್ರ ಸರ್ಕಾರ ನಿಯಮ ಮಾಡಿದೆ: ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸಬಾರದು, ಐದು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸಬಾರದು, 37 ಡಿಗ್ರಿ ದಾಟಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇರಬಾರದು. ಬೆನ್ನು, ಮಂಡಿ ನೋಡಿ ಗಾಯವಿದ್ದರೆ ಹತ್ತದಿರುವಷ್ಟು ವಿವೇಕ ಮೇಕೆ ಹಿಂದೆ ನಡೆದ ಮಗುವಿಗೆ ಬಂದಿರುತ್ತದೆ.

ಮಧ್ಯಾಹ್ನ ಬಿಸಿಲೇರಿದಾಗ ಹಿಂಡು ತಾನಾಗಿ ನೆರಳು ಸೇರುತ್ತದೆ. ಬೆಳಿಗ್ಗೆ ಅವಸರದಲ್ಲಿ ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಗಂಟಲಿನಲ್ಲಿ ಉಂಡೆ ಮೇಲೇರುವುದು, ಅಗಿದ ಮೇಲೆ ಕೆಳಗಿಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಉಂಡೆಗೆ ಎಷ್ಟು ಸಲ ಅಗಿಯಿತು ಎಂದು ಎಣಿಸುವುದು ಬುತ್ತಿ ಬಿಚ್ಚಿದ ಮಕ್ಕಳಿಗೆ ಒಳ್ಳೆಯ ಆಟ.

ನಾಲ್ಕು ಗಂಟೆಯ ಮೇಲೆ ಇಳಿಯಲು ಶುರು. ಕೆಚ್ಚಲು ತುಂಬಿದ ತಾಯಿಗಳ ಹೆಜ್ಜೆ ಊರು ಹತ್ತಿರವಾದಂತೆ ಬಿರುಸಾಗುತ್ತದೆ. ದಿನವಿಡೀ ಮಕ್ಕಳು ಹಿಂದೆ ಉಳಿಯುವಂತಿದ್ದರೂ ಈಗ ಓಡಬೇಕಾಗುತ್ತದೆ. ದೊಡ್ಡಿಯಲ್ಲಿ ಬಿಟ್ಟುಹೋಗಿದ್ದ ಎಳೆಯ ಮರಿಗಳು ಒಟ್ಟಿಗೆ ಅರಚುತ್ತವೆ, ತಾಯಿಗಳು ಒಟ್ಟಿಗೆ ಉತ್ತರಿಸುತ್ತವೆ. ಕೇಳುವವರಿಗೆ ಬರೀ ಗದ್ದಲ. ಬಾಗಿಲು ತೆರೆದ ಮೇಲೆ ಎರಡು ನಿಮಿಷದಲ್ಲಿ ಪ್ರತಿ ಮರಿಯೂ ತನ್ನ ತಾಯಿಯ ಕೆಳಗಿರುತ್ತದೆ. ತಪ್ಪಿ ಬಂದ ಬೇರೆ ಮರಿಯನ್ನು ತಾಯಿ ಒಮ್ಮೆ ಮೂಸಿ, ತಲೆಯಿಂದ ನೂಕಿ ಕಳಿಸುತ್ತದೆ.