ಒಂದೇ ಮೈಕ್, ಹತ್ತು ಕೆಲಸ: ಕಂಡೆನ್ಸರ್ ಆಯ್ಕೆ ಹೇಗೆ?

ಹಾಡು, ಗಿಟಾರ್, ತಬಲಾ, ಸಂದರ್ಶನ ಎಲ್ಲದಕ್ಕೂ ಒಂದೇ ಕಂಡೆನ್ಸರ್ ಮೈಕ್ ಸಾಕಾ? ಸಾಕು. ಆದ್ರೆ ಬ್ರ್ಯಾಂಡ್‌ಗಿಂತ ಮೊದಲು ನಾನು ನೋಡೋದು ಮೈಕ್ ಮೇಲಿರೋ ಮೂರು ಸ್ವಿಚ್.

ಮೊದಲನೆಯದು ಪ್ಯಾಟರ್ನ್. ಕಾರ್ಡಿಯಾಯ್ಡ್‌ನಲ್ಲಿಟ್ಟರೆ ಮೈಕ್ ಮುಖ್ಯವಾಗಿ ತನ್ನ ಮುಂದಿನ ದನಿಯನ್ನು ಹಿಡಿಯುತ್ತೆ. ಒಬ್ಬರ ಹಾಡಿಗೆ ಇದೇ ಸರಿ. ಫಿಗರ್-8 ಹಿಂದೆ, ಮುಂದೆ ಎರಡೂ ಕಡೆ ಕೇಳಿಸಿಕೊಳ್ಳುತ್ತೆ. ಎದುರುಬದುರು ಕೂತ ಇಬ್ಬರಿಗೆ ಆಗುತ್ತೆ, ಆದ್ರೆ ಇಬ್ಬರ ದನಿಯೂ ಒಂದೇ ಟ್ರ್ಯಾಕ್‌ಗೆ ಬರುತ್ತೆ. ಓಮ್ನಿ ಸುತ್ತಲೂ ಹಿಡಿಯುತ್ತೆ. ಭಜನೆ ತಂಡಕ್ಕೆ ಒಳ್ಳೇದು.

ಎರಡನೆಯದು ಪ್ಯಾಡ್. ತಬಲಾದ ಜೋರು ಪೆಟ್ಟಿಗೆ 10 ಡೆಸಿಬಲ್ ತಗ್ಗಿಸಿದ್ರೆ ದನಿ ಒಡೆಯಲ್ಲ. ಮೂರನೆಯದು ಲೋ-ಕಟ್. ರಸ್ತೆ ಲಾರಿಯ ಗುಡುಗುಡು ಕಡಿಮೆಯಾಗುತ್ತೆ.

ರೋಡ್ ಎನ್‌ಟಿ2-ಎ, ಎಕೆಜಿ ಸಿ414 ಎರಡರಲ್ಲೂ ಈ ಮೂರು ಸ್ವಿಚ್ ಇವೆ. ಆಡಿಯೋ-ಟೆಕ್ನಿಕಾ ಎಟಿ2020ರಲ್ಲಿ ಕಾರ್ಡಿಯಾಯ್ಡ್ ಮಾತ್ರ. ನೀವೊಬ್ಬರೇ ಮಾತಾಡೋದಾದ್ರೆ ಅಷ್ಟು ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.

ಇಂಥ ಮೈಕ್‌ಗಳನ್ನು ನೇರವಾಗಿ ಫೋನ್‌ಗೆ ಚುಚ್ಚೋಕಾಗಲ್ಲ. 48 ವೋಲ್ಟ್ ಫ್ಯಾಂಟಮ್ ಪವರ್ ಕೊಡೋ ಆಡಿಯೋ ಇಂಟರ್‌ಫೇಸ್ ಬೇಕು. ಇನ್ನೊಂದು ಮಾತು: ಕಂಡೆನ್ಸರ್ ಕಿವಿ ಬಹಳ ಸೂಕ್ಷ್ಮ, ಬೋಳು ಗೋಡೆಯ ಪ್ರತಿಧ್ವನಿಯನ್ನೂ ಬಿಡಲ್ಲ. ಹಾಗಾಗಿ ಬಜೆಟ್‌ನಲ್ಲಿ ಒಂದಿಷ್ಟನ್ನು ದಪ್ಪ ಪರದೆಗೂ ಎತ್ತಿಡಿ.