ಯಾರ ನಾಸ್ಟಾಲ್ಜಿಯಾ? – ಮಂಕಿ ಐಲ್ಯಾಂಡ್ ಸೀಕ್ವೆಲ್‌ಗಳಿಂದ ನಾವು ಕಲಿತಿದ್ದು

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಒಂದು ಗೇಮ್ ಮಾಡ್ತಿದ್ವಿ. ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್, ಡೈಲಾಗ್ ಪೂರ್ತಿ ಕನ್ನಡದಲ್ಲಿ. ಕಥೆ ಸಿಂಪಲ್: ಹಾಸ್ಟೆಲ್ ಮೆಸ್ಸಿನ ಸ್ಟೋರ್ ರೂಮ್ ಕೀ ಕಳೆದುಹೋಗಿದೆ, ರಾತ್ರಿ ಊಟದೊಳಗೆ ಹುಡುಕಬೇಕು. ಮೊದಲನೇ ರಿವ್ಯೂನಲ್ಲಿ ಡೆಮೊ ತೋರಿಸಿದ್ವಿ. ನಮ್ಮ ಗೈಡ್ ಮೇಡಂ ಕೋಡ್ ಬಗ್ಗೆ ಒಂದು ಪ್ರಶ್ನೆನೂ ಕೇಳಲಿಲ್ಲ. ಸ್ಕ್ರೀನ್ ನೋಡಿ, "ಇದೆಲ್ಲ ಯಾಕೆ ಚೌಕ ಚೌಕ ಇದೆ?" ಅಂದ್ರು.

"ರೆಟ್ರೊ ಸ್ಟೈಲ್ ಮೇಡಂ. ನಾಸ್ಟಾಲ್ಜಿಯಾ."

"ಯಾರ ನಾಸ್ಟಾಲ್ಜಿಯಾ? ನಿಮಗೆ ಹತ್ತೊಂಬತ್ತು ವರ್ಷ ಅಲ್ವೇನ್ರೋ?"

ನಾಲ್ಕು ಜನರ ಹತ್ರನೂ ಉತ್ತರ ಇರಲಿಲ್ಲ. ಆ ರಾತ್ರಿ ರೂಮಿಗೆ ಬಂದು ಜಗಳ ಆಡಿದ್ವಿ. ಪಿಕ್ಸೆಲ್ ಇರಲಿ ಅಂತ ಇಬ್ಬರು, ಬೇಡ ಅಂತ ಇಬ್ಬರು. ಆಮೇಲೆ ನಾವು ಯಾವ ಗೇಮ್ ನೋಡಿ ಕಾಪಿ ಹೊಡೆದಿದ್ವೋ, ಅದನ್ನೂ ಅದರ ಸೀಕ್ವೆಲ್‌ಗಳನ್ನೂ ಸರಿಯಾಗಿ ಆಡಿ, ಓದಿ ನೋಡೋಣ ಅಂತ ತೀರ್ಮಾನ ಆಯ್ತು. ಆ ಗೇಮ್ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್'. ಈ ಲೇಖನ ಆ ಹುಡುಕಾಟದ ಫಲ. ಕೊನೆಯಲ್ಲಿ ಸ್ವಲ್ಪ ಸ್ಪಾಯ್ಲರ್ ಇದೆ, ಬರೋ ಮುಂಚೆ ಹೇಳ್ತೀವಿ.

ಮೊದಲು ಗೇಮ್ ಏನು ಅಂತ

1990ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ (ನಂತರ ಲ್ಯೂಕಾಸ್‌ಆರ್ಟ್ಸ್ ಆಯ್ತು) ಈ ಗೇಮ್ ಬಿಟ್ಟಿತು. ಮಾಡಿದವರು ರಾನ್ ಗಿಲ್ಬರ್ಟ್, ಜೊತೆಗೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. ಹೀರೋ ಹೆಸರು ಗೈಬ್ರಷ್ ತ್ರೀಪ್‌ವುಡ್. ಅವನಿಗೆ ಕಡಲ್ಗಳ್ಳ ಆಗೋ ಆಸೆ, ಆದರೆ ಕಡಲ್ಗಳ್ಳನ ಒಂದು ಗುಣವೂ ಇಲ್ಲ. ವಿಲನ್ ಲೆಚಕ್, ಸತ್ತು ದೆವ್ವ ಆದವನು. ಹೀರೋಯಿನ್ ಗವರ್ನರ್ ಎಲೇನ್ ಮಾರ್ಲಿ, ಇವರಿಬ್ಬರಿಗಿಂತಲೂ ಬುದ್ಧಿವಂತೆ.

ಆಗಿನ ಎಷ್ಟೋ ಅಡ್ವೆಂಚರ್ ಗೇಮ್‌ಗಳಲ್ಲಿ ತಪ್ಪು ಹೆಜ್ಜೆ ಇಟ್ಟರೆ ಹೀರೋ ಸತ್ತುಹೋಗ್ತಿದ್ದ, ಸೇವ್ ಮಾಡಿಲ್ಲ ಅಂದ್ರೆ ಮೊದಲಿಂದ ಶುರು. ಗಿಲ್ಬರ್ಟ್‌ಗೆ ಇದು ಇಷ್ಟ ಇರಲಿಲ್ಲ. 1989ರಲ್ಲೇ ಅಡ್ವೆಂಚರ್ ಗೇಮ್‌ಗಳು ಯಾಕೆ ಕೆಟ್ಟದಾಗಿವೆ ಅಂತ ಒಂದು ಲೇಖನ ಬರೆದಿದ್ದರು. ಹಾಗಾಗಿ ಮಂಕಿ ಐಲ್ಯಾಂಡ್‌ನಲ್ಲಿ ಸಾಯೋದು ಹೆಚ್ಚುಕಮ್ಮಿ ಅಸಾಧ್ಯ. ಆರಾಮಾಗಿ ಸುತ್ತಾಡಿ, ಎಲ್ಲರ ಹತ್ರ ತಲೆಹರಟೆ ಮಾಡಿ, ಯೋಚನೆ ಮಾಡಿ. ಅಂದ್ರೆ ಇವತ್ತು 'ಕ್ಲಾಸಿಕ್' ಅನ್ನಿಸಿಕೊಂಡಿರೋ ಈ ಗೇಮ್ ಹುಟ್ಟಿದ್ದೇ ಹಳೇ ಪದ್ಧತಿ ಮೇಲಿನ ಸಿಟ್ಟಿನಿಂದ.

ಆ ಚೌಕಗಳು ಸ್ಟೈಲ್ ಅಲ್ಲ, ಅನಿವಾರ್ಯ

ಮೇಡಂ ಪ್ರಶ್ನೆಗೆ ಬರೋಣ. ಮೊದಲ ಆವೃತ್ತಿ ಓಡ್ತಿದ್ದದ್ದು 320×200 ರೆಸಲ್ಯೂಷನ್‌ನಲ್ಲಿ, 16 ಬಣ್ಣಗಳಲ್ಲಿ. ಲೆಕ್ಕ ಹಾಕಿ: ಒಟ್ಟು 64,000 ಪಿಕ್ಸೆಲ್. 16 ಬಣ್ಣ ಅಂದ್ರೆ ಪಿಕ್ಸೆಲ್‌ಗೆ 4 ಬಿಟ್, ಅಂದ್ರೆ ಪೂರ್ತಿ ಒಂದು ಸ್ಕ್ರೀನಿಗೆ 32,000 ಬೈಟ್ ಸಾಕು. ಈಗಿನ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ 20,73,600 ಪಿಕ್ಸೆಲ್ ಇವೆ. 24 ಬಿಟ್ ಬಣ್ಣದಲ್ಲಿ 6 ಎಂಬಿ ದಾಟುತ್ತೆ. ಆಗಿನ ಕಲಾವಿದರು ಚೌಕ ಚೆನ್ನಾಗಿ ಕಾಣುತ್ತೆ ಅಂತ ಚೌಕ ಹಾಕಿದ್ದಲ್ಲ. ಅವರ ಕೈಗೆ ಸಿಕ್ಕಿದ್ದೇ ಅಷ್ಟು.

ಇನ್ನೊಂದು ತಮಾಷೆ. 320×200ರ ಅನುಪಾತ 1.6. ಆಗಿನ ಮಾನಿಟರ್ 4:3, ಅಂದ್ರೆ ಸುಮಾರು 1.33. ಚಿತ್ರ ಪೂರ್ತಿ ಸ್ಕ್ರೀನ್ ತುಂಬಬೇಕಾದ್ರೆ ಪ್ರತಿ ಪಿಕ್ಸೆಲ್ ತನ್ನ ಅಗಲಕ್ಕಿಂತ 1.2 ಪಟ್ಟು ಎತ್ತರ ಆಗಬೇಕು. ಅದರ ಮೇಲೆ ಸಿಆರ್‌ಟಿ ಪರದೆಯಲ್ಲಿ ಅಂಚುಗಳು ಸ್ವಲ್ಪ ಕರಗಿದ ಹಾಗೆ ಕಾಣ್ತಿದ್ವು. ಅಂದ್ರೆ ನಾವು 'ರೆಟ್ರೊ' ಅಂತ ನೀಟಾಗಿ ಹಾಕಿದ ಸಮಚೌಕ 1990ರ ಆ ಪರದೆ ಮೇಲೆ ಇರಲೇ ಇಲ್ಲ! ಇಲ್ಲದೇ ಇದ್ದದ್ದನ್ನ ನೆನಪು ಮಾಡಿಕೊಂಡಿದ್ವಿ.

ಮುಖ್ಯವಾದದ್ದು ಇದು: 1990ರಲ್ಲಿ ಈ ಗೇಮ್ 'ಹಳೇ ಕಾಲದ್ದು' ಆಗಿರಲಿಲ್ಲ. ಆ ಕ್ಷಣದ ತಂತ್ರಜ್ಞಾನವನ್ನ ಪೂರ್ತಿ ಹಿಂಡಿ ಮಾಡಿದ ಹೊಸಾ ಗೇಮ್ ಅದು.

ಒಂದೇ ಜೋಕ್, ಮೂರು ಸಲ

ಸೀಕ್ವೆಲ್‌ನಲ್ಲಿ ಹಳೇದನ್ನ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಬದಲಾಯಿಸಬೇಕು? ಇದಕ್ಕೆ ಈ ಸರಣಿಯಲ್ಲೇ ಒಂದು ಒಳ್ಳೇ ಉದಾಹರಣೆ ಇದೆ.

ಮೊದಲ ಗೇಮ್‌ನಲ್ಲಿ ಕತ್ತಿ ಕಾಳಗ ಗೆಲ್ಲೋದು ಕತ್ತಿಯಿಂದ ಅಲ್ಲ, ಬೈಗುಳದಿಂದ. ಎದುರಾಳಿ ಒಂದು ಚುಚ್ಚುಮಾತು ಆಡ್ತಾನೆ, ಅದಕ್ಕೆ ತಕ್ಕ ತಿರುಗೇಟು ಕೊಟ್ಟವನು ಮುನ್ನುಗ್ತಾನೆ. ಗೊತ್ತಿಲ್ಲದ ಬೈಗುಳವನ್ನ ಬೈಸಿಕೊಂಡೇ ಕಲೀಬೇಕು. ಕೊನೆಗೆ ಸೋರ್ಡ್ ಮಾಸ್ಟರ್ ಹತ್ರ ಹೋದಾಗ ಅವಳು ಹೊಸಾ ಬೈಗುಳ ಹಾಕ್ತಾಳೆ. ನಿಮ್ಮ ಹತ್ರ ಇರೋದು ಹಳೇ ಉತ್ತರಗಳೇ, ಅವನ್ನೇ ಹೊಸ ಪ್ರಶ್ನೆಗೆ ಹೊಂದಿಸಬೇಕು. ಬಾಯಿಪಾಠ ಮಾಡಿದವನು ಇಲ್ಲಿ ಔಟ್. ಅರ್ಥ ಮಾಡಿಕೊಂಡವನು ಪಾಸ್. (ನಮ್ಮ ಇಂಟರ್ನಲ್ಸ್ ಹೀಗಿದ್ದಿದ್ರೆ ನಮ್ಮಲ್ಲಿ ಎಷ್ಟು ಜನ ಉಳೀತಿದ್ವೋ.)

1997ರ 'ದಿ ಕರ್ಸ್ ಆಫ್ ಮಂಕಿ ಐಲ್ಯಾಂಡ್' ಮಾಡುವಾಗ ಗಿಲ್ಬರ್ಟ್ ಕಂಪನಿಯಲ್ಲಿ ಇರಲಿಲ್ಲ. ಹೊಸ ತಂಡ ಪಿಕ್ಸೆಲ್ ಬಿಟ್ಟು ಕಾರ್ಟೂನ್ ಥರ ಕೈಯಲ್ಲಿ ಬರೆದ ಚಿತ್ರ ತಂದಿತು, ಪಾತ್ರಗಳಿಗೆ ಧ್ವನಿ ಕೊಟ್ಟಿತು. ಬೈಗುಳ ಕಾಳಗವನ್ನೂ ವಾಪಸ್ ತಂದಿತು, ಆದರೆ ಒಂದು ಹೊಸ ಷರತ್ತು: ಸಮುದ್ರದ ಮೇಲಿನ ಕಾಳಗದಲ್ಲಿ ತಿರುಗೇಟು ಬೈಗುಳಕ್ಕೆ ಪ್ರಾಸ ಆಗಬೇಕು. ಜೋಕ್ ಅದೇ, ಆದರೆ ಆಡುವವನ ತಲೆಗೆ ಹೊಸಾ ಕೆಲಸ.

2000ದ 'ಎಸ್ಕೇಪ್ ಫ್ರಮ್ ಮಂಕಿ ಐಲ್ಯಾಂಡ್' 3ಡಿಗೆ ಹೋಯ್ತು, ಮೌಸ್ ತೆಗೆದು ಕೀಬೋರ್ಡ್‌ನಲ್ಲಿ ಹೀರೋನ ನಡೆಸಬೇಕಾಯ್ತು. ಇದರಲ್ಲಿ 'ಮಂಕಿ ಕಾಂಬ್ಯಾಟ್' ಅಂತ ಒಂದು ಕಾಳಗ ಇದೆ. ಮಂಗಗಳ ಕೂಗುಗಳನ್ನ ಜೋಡಿಸಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗಬೇಕು. ಯಾವ ಕೂಗಿಗೆ ಯಾವ ಭಂಗಿ ಅಂತ ಪೇಪರ್ ಪೆನ್ ಹಿಡಿದು ಬರ್ಕೊಂಡೇ ಆಡಬೇಕು. ಅಭಿಮಾನಿಗಳು ಇದನ್ನ ಇವತ್ತಿಗೂ ಬೈತಾರೆ. ಯಾಕೆ? ಹೊರಗಿಂದ ನೋಡಿದ್ರೆ ಇದೂ ಬೈಗುಳ ಕಾಳಗದ ತಮ್ಮನೇ. ಆದರೆ ಅದರ ಜೀವ ಇದ್ದದ್ದು ಮಾತಲ್ಲಿ, ಇಲ್ಲಿ ಮಾತೇ ಇಲ್ಲ. ಉಳಿದದ್ದು ಬರೀ ಟೇಬಲ್.

ಇಲ್ಲಿ ನಮಗೆ ಮೊದಲ ಪಾಠ ಸಿಕ್ತು. ಹಳೇದನ್ನ ವಾಪಸ್ ತರೋದರಲ್ಲಿ ತಪ್ಪಿಲ್ಲ. ಹಳೇದರ ಯಾವ ಭಾಗ ಕೆಲಸ ಮಾಡ್ತಿತ್ತು ಅಂತ ತಿಳಿಯದೇ ತಂದ್ರೆ ಸಿಪ್ಪೆ ಬರುತ್ತೆ, ಹಣ್ಣು ಬರಲ್ಲ.

2022ರ ಗಲಾಟೆ

2012ರಲ್ಲಿ ಡಿಸ್ನಿ ಲ್ಯೂಕಾಸ್‌ಫಿಲ್ಮನ್ನ ಕೊಂಡಿತು, 2013ರಲ್ಲಿ ಲ್ಯೂಕಾಸ್‌ಆರ್ಟ್ಸ್‌ನಲ್ಲಿ ಗೇಮ್ ಮಾಡೋದನ್ನ ನಿಲ್ಲಿಸಿತು. ಕಥೆ ಮುಗೀತು ಅಂತ ಎಲ್ಲರೂ ಅಂದುಕೊಂಡಿದ್ದಾಗ 2022ರ ಏಪ್ರಿಲ್ 1ರಂದು ಗಿಲ್ಬರ್ಟ್ ತಮ್ಮ ಬ್ಲಾಗ್‌ನಲ್ಲಿ ಹೊಸ ಮಂಕಿ ಐಲ್ಯಾಂಡ್ ಮಾಡ್ತೀನಿ ಅಂತ ಬರೆದರು. ಏಪ್ರಿಲ್ ಫೂಲ್ ಅಂದುಕೊಂಡವರೇ ಜಾಸ್ತಿ. ಮೂರು ದಿನ ಬಿಟ್ಟು ನಿಜ ಅಂತ ಗೊತ್ತಾಯ್ತು. ಗಿಲ್ಬರ್ಟ್ ಮತ್ತು ಗ್ರಾಸ್‌ಮನ್ ಸೇರಿ ಮಾಡಿದ 'ರಿಟರ್ನ್ ಟು ಮಂಕಿ ಐಲ್ಯಾಂಡ್' ಅದೇ ಸೆಪ್ಟೆಂಬರ್ 19ಕ್ಕೆ ಬಂತು.

ಆದರೆ ಟ್ರೇಲರ್‌ನಲ್ಲಿ ಪಿಕ್ಸೆಲ್ ಇರಲಿಲ್ಲ. ಕಲಾ ನಿರ್ದೇಶಕ ರೆಕ್ಸ್ ಕ್ರೌಲ್ ಮಾಡಿದ್ದು ಪೇಪರ್ ಕತ್ತರಿಸಿ ಅಂಟಿಸಿದ ಥರದ, ಕೋನ ಕೋನವಾದ ಚಿತ್ರಗಳು. ಕೆಲವು ಅಭಿಮಾನಿಗಳಿಗೆ ಸಿಟ್ಟು ಬಂತು. ಇಷ್ಟ ಇಲ್ಲ ಅನ್ನೋದು ಅವರ ಹಕ್ಕು, ಆದರೆ ಅದು ವೈಯಕ್ತಿಕ ನಿಂದನೆ ತನಕ ಹೋಯ್ತು. ಜೂನ್‌ನಲ್ಲಿ ಗಿಲ್ಬರ್ಟ್ ಬ್ಲಾಗ್‌ನ ಕಾಮೆಂಟ್ಸ್ ಮುಚ್ಚಿಬಿಟ್ಟರು. ಸರಣಿಯನ್ನ ಹುಟ್ಟಿಸಿದವನಿಗೇ 'ಇದು ಮಂಕಿ ಐಲ್ಯಾಂಡ್ ಅಲ್ಲ' ಅಂತ ಹೇಳಿ ಕಳಿಸಿದ ಹಾಗಾಯ್ತು.

ಅವರ ವಾದ ನಮಗೆ ಸರಿ ಅನ್ನಿಸ್ತು: ಮೊದಲ ಎರಡು ಗೇಮ್‌ಗಳು ಪಿಕ್ಸೆಲ್ ಆರ್ಟ್ ಆಗಬೇಕು ಅಂತ ಆಗಿದ್ದಲ್ಲ, ಆಗ ಸಾಧ್ಯವಿದ್ದ ಅತ್ಯುತ್ತಮ ಚಿತ್ರ ಅದು. ಬೇಕಂತಲೇ ರೆಟ್ರೊ ಆಗಿರೋ ಗೇಮನ್ನೂ ಅವರು ಆಗಲೇ ಮಾಡಿ ಮುಗಿಸಿದ್ದರು – 2017ರ 'ಥಿಂಬಲ್‌ವೀಡ್ ಪಾರ್ಕ್'.

ಹಾಗಂತ ಹಳೇ ಅಭಿಮಾನಿಗಳನ್ನ ನಾವು ನಗಾಡಲ್ಲ. ಹನ್ನೆರಡು ವರ್ಷಕ್ಕೆ ಆಡಿದ ಗೇಮ್ ಬರೀ ಗೇಮ್ ಅಲ್ಲ. ಆ ಮನೆ, ಆ ಬೇಸಿಗೆ ರಜೆ, ಪಕ್ಕ ಕೂತಿದ್ದ ಅಣ್ಣ ಎಲ್ಲ ಅದರೊಳಗೆ ಇರ್ತಾರೆ. ಆದರೆ ಅದನ್ನ ಯಾವ ಸೀಕ್ವೆಲ್ ಕೂಡ ವಾಪಸ್ ಕೊಡೋಕಾಗಲ್ಲ. ಮತ್ತೆ ಆ ಹಳೇ ಗೇಮ್ ಎಲ್ಲೂ ಹೋಗಿಲ್ಲ. 2001ರಿಂದ ಇರೋ ಓಪನ್ ಸೋರ್ಸ್ ಪ್ರಾಜೆಕ್ಟ್ ಸ್ಕಮ್‌ವಿಎಂನಲ್ಲಿ ಇವತ್ತಿಗೂ ಓಡುತ್ತೆ. 2009ರ ಸ್ಪೆಷಲ್ ಎಡಿಷನ್‌ನಲ್ಲಂತೂ ಒಂದು ಕೀ ಒತ್ತಿದ್ರೆ ಹೊಸ ಚಿತ್ರ ಹೋಗಿ ಹಳೇ ಚಿತ್ರ ಬರುತ್ತೆ.

ಗೇಮ್ ಒಳಗೇ ಉತ್ತರ ಇದೆ (ಸ್ಪಾಯ್ಲರ್ ಶುರು)

'ರಿಟರ್ನ್' ಆಡಿದಾಗ ನಮಗೆ ಆಶ್ಚರ್ಯ ಆದದ್ದು ಚಿತ್ರಗಳಿಂದ ಅಲ್ಲ. ಈ ಗೇಮ್‌ನ ವಿಷಯವೇ ನಾಸ್ಟಾಲ್ಜಿಯಾ. ಗೈಬ್ರಷ್‌ಗೆ ವಯಸ್ಸಾಗಿದೆ. ಬೆಂಚಿನ ಮೇಲೆ ಕೂತು ಮಗನಿಗೆ ತನ್ನ ಹಳೇ ಸಾಹಸ ಹೇಳ್ತಿದ್ದಾನೆ. ಕಥೆಯಲ್ಲಿ ಅವನು ಮೆಲೇ ದ್ವೀಪಕ್ಕೆ ವಾಪಸ್ ಬಂದಾಗ ದಾರಿಗಳು ಅವೇ, ಆದರೆ ಗವರ್ನರ್ ಬದಲಾಗಿದ್ದಾರೆ, ಹಳೇ ಕಡಲ್ಗಳ್ಳ ನಾಯಕರ ಜಾಗದಲ್ಲಿ ಹೊಸಬರು ಕೂತಿದ್ದಾರೆ. ರಜೆಗೆ ನಮ್ಮ ಹಳೇ ಸ್ಕೂಲಿಗೆ ಹೋದಾಗ ಆಗೋ ಅನುಭವ ಇದೇ ಅಲ್ವಾ? ಕಟ್ಟಡ ಗೊತ್ತು, ಜನ ಗೊತ್ತಿಲ್ಲ.

ಆಟದ ವಿಧಾನವೂ ಬದಲಾಗಿದೆ. ಪರದೆಯ ಕೆಳಗೆ ಇರ್ತಿದ್ದ ಕ್ರಿಯಾಪದಗಳ ಪಟ್ಟಿ ಇಲ್ಲ. ವಸ್ತು ಮೇಲೆ ಮೌಸ್ ಇಟ್ಟರೆ ಗೈಬ್ರಷ್ ಏನು ಯೋಚನೆ ಮಾಡ್ತಿದ್ದಾನೆ ಅಂತ ಕಾಣುತ್ತೆ. ಸಿಕ್ಕಿಹಾಕಿಕೊಂಡ್ರೆ ಗೇಮ್ ಒಳಗೇ ಒಂದು ಸುಳಿವಿನ ಪುಸ್ತಕ ಇದೆ. ಹಳೇ ಸರಣಿ ಗೊತ್ತಿಲ್ಲದ ನಮ್ಮಂಥವರಿಗೆ ಹಿಂದಿನ ಕಥೆ ಹೇಳೋ ಸ್ಕ್ರ್ಯಾಪ್‌ಬುಕ್ ಕೂಡ ಇದೆ.

ಕೊನೆಗೆ ಆ 'ರಹಸ್ಯ'. ಗೈಬ್ರಷ್ ಅದರ ಹಿಂದೆ ಹುಚ್ಚನ ಥರ ಓಡ್ತಾನೆ. ದಾರಿಯಲ್ಲಿ ಯಾರಿಗೆ ಏನು ಹಾನಿ ಮಾಡಿದ ಅಂತ ಎಲೇನ್ ನೆನಪಿಸ್ತಾಳೆ. ಎಲ್ಲ ದಾಟಿ ಕೊನೇ ಬಾಗಿಲು ತೆಗೆದ್ರೆ ಅದು ಒಂದು ಅಮ್ಯೂಸ್‌ಮೆಂಟ್ ಪಾರ್ಕ್. ಪೆಟ್ಟಿಗೆಯಲ್ಲಿರೋದು ಒಂದು ಟೀ ಶರ್ಟ್. ಮೂವತ್ತು ವರ್ಷ ಕಾದಿದ್ದಕ್ಕೆ ಟೀ ಶರ್ಟ್! ಮೊದಲು ನಮಗೂ ಮೋಸ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಮಗನಿಗೆ ಆ ಪೆಟ್ಟಿಗೆಗಿಂತ ಅಪ್ಪ ಪಕ್ಕದಲ್ಲಿ ಕೂತು ಕಥೆ ಹೇಳಿದ್ದೇ ದೊಡ್ಡದು. ಅದಾದ್ಮೇಲೆ ಗೈಬ್ರಷ್ ಬೆಂಚಿನ ಮೇಲೆ ಒಬ್ಬನೇ ಕೂತಿರ್ತಾನೆ, ಗೇಮ್ ಸುಮ್ಮನೆ ಅವನನ್ನ ತೋರಿಸುತ್ತೆ.

ಇದೇ ಉಪಾಯ ಇನ್ನೊಂದು ಕಡೆನೂ ಇದೆ. 1984ರಲ್ಲಿ ಶುರುವಾದ 'ಕಿಂಗ್ಸ್ ಕ್ವೆಸ್ಟ್' 2015ರಲ್ಲಿ ಹೊಸದಾಗಿ ಬಂದಾಗ, ಮುದುಕನಾದ ರಾಜ ಗ್ರಹಾಂ ಹಾಸಿಗೆ ಮೇಲಿಂದ ಮೊಮ್ಮಗಳಿಗೆ ಕಥೆ ಹೇಳ್ತಾನೆ. ಎರಡೂ ಗೇಮ್‌ಗಳು ಆಡುವವನನ್ನ ಮತ್ತೆ ಹುಡುಗ ಮಾಡೋಕೆ ಹೋಗಲ್ಲ. ವಯಸ್ಸಾಗಿದೆ ಅಂತ ಒಪ್ಪಿಕೊಳ್ತವೆ. ಕೇಳೋಕೆ ಒಂದು ಹೊಸ ಮಗುವನ್ನೂ ಕೂರಿಸ್ತವೆ. ಆ ಮಗುವಿನ ಸೀಟು ನಮ್ಮದು. (ಸ್ಪಾಯ್ಲರ್ ಮುಗೀತು.)

ಮಂಗವೇ ಸ್ಪ್ಯಾನರ್ ಆದ ಕಥೆ

ಹಳೇದೆಲ್ಲ ಚಿನ್ನ ಅಲ್ಲ ಅನ್ನೋಕೆ ಒಂದು ಸಾಕ್ಷಿ. 1991ರ ಎರಡನೇ ಗೇಮ್‌ನಲ್ಲಿ ಜಲಪಾತದ ಪಂಪ್ ನಿಲ್ಲಿಸಬೇಕು. ಉಪಾಯ: ಮೋಡಿ ಮಾಡಿ ಮರಗಟ್ಟಿಸಿದ ಒಂದು ಮಂಗವನ್ನ ಪಂಪಿಗೆ ಸಿಕ್ಕಿಸಿ ತಿರುಗಿಸೋದು. ಯಾಕಂದ್ರೆ ಅಮೆರಿಕದಲ್ಲಿ 'ಮಂಕಿ ರೆಂಚ್' ಅಂತ ಒಂದು ಟೂಲ್ ಇದೆ. ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಎಲ್ಲದಕ್ಕೂ ಸ್ಪ್ಯಾನರ್ ಅಂತಾರೆ. ಆ ಹೆಸರು ಗೊತ್ತಿಲ್ಲದವನು ವರ್ಷಗಟ್ಟಲೆ ಕೂತರೂ ಉತ್ತರ ಹೊಳೆಯಲ್ಲ. ಇದು ಕೆಟ್ಟ ಪಜಲ್ ಅಂತ ಗಿಲ್ಬರ್ಟ್ ಕೂಡ ಒಪ್ಪಿಕೊಂಡಿದ್ದಾರೆ.

ಇದನ್ನ ಓದಿ ನಗ್ತಿದ್ದ ನಾವು ನಮ್ಮ ಗೇಮ್ ತೆಗೆದು ನೋಡಿ ಸುಮ್ಮನಾದ್ವಿ. ನಾವೂ ಅದನ್ನೇ ಮಾಡಿದ್ವಿ! ಕೀ ಸಿಗಬೇಕಾದ್ರೆ ಮೆಸ್ ಭಟ್ರ ಜೊತೆ ಬೈಗುಳ ಕಾಳಗ ಗೆಲ್ಲಬೇಕು ಅಂತ ಇಟ್ಟಿದ್ವಿ, ಬೈಗುಳಗಳೆಲ್ಲ ಇಂಗ್ಲಿಷಿಂದ ಅನುವಾದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಕನ್ನಡ ಥರನೇ ಕಾಣ್ತಿತ್ತು. ಆಡಿಸಿ ನೋಡಿದ ಜೂನಿಯರ್‌ಗಳು ಒಬ್ಬರೂ ನಗಲಿಲ್ಲ.

ಈಗ ಅದು ಗಾದೆ ಕಾಳಗ ಆಗಿದೆ. ಊಟ ಸರಿ ಇಲ್ಲ ಅಂದ್ರೆ ಭಟ್ರು, "ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ" ಅಂತಾರೆ. ಸರಿಯಾದ ಉತ್ತರ: "ನೆಲ ನೆಟ್ಟಗಿದೆ ಭಟ್ರೇ, ಚಪಾತಿ ಡೊಂಕು." ಬೈಗುಳ ಕಾಳಗದ ಎಲುಬು ಹಾಗೇ ಉಳೀತು, ಮಾತು ನಮ್ಮದಾಯ್ತು. ಗಾದೆಗಳನ್ನ ಸೇರಿಸೋಕೆ ಅಜ್ಜಿಯಂದಿರಿಗೆ ಫೋನ್ ಮಾಡಿದ್ವಿ. ಅವರಿಗಂತೂ ಖುಷಿಯೋ ಖುಷಿ.

ಪಿಕ್ಸೆಲ್ ಕೂಡ ಹೋಯ್ತು. ಇದು ಸುಲಭ ಇರಲಿಲ್ಲ. ನಮ್ಮಲ್ಲಿ ಡ್ರಾಯಿಂಗ್ ಮಾಡೋನು ಮೂರು ವಾರ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಮೂರನೇ ದಿನ ತನ್ನ ಗ್ರಾಫಿಕ್ಸ್ ಶೀಟ್‌ನ ಹಿಂಭಾಗದಲ್ಲಿ ಪೆನ್ಸಿಲಿಂದ ನಮ್ಮ ಮೆಸ್ ಬರೆದು ತಂದ: ಗೋಡೆಯ ಎಣ್ಣೆ ಕಲೆ, ಒಂದು ಕಾಲು ಮುರಿದ ಬೆಂಚು ಎಲ್ಲ ಇತ್ತು. ಅದನ್ನೇ ಸ್ಕ್ಯಾನ್ ಮಾಡಿ ಹಾಕಿದ್ವಿ. ಇನ್ನು ಇಪ್ಪತ್ತು ವರ್ಷ ಬಿಟ್ಟು ನಮಗೆ ನಾಸ್ಟಾಲ್ಜಿಯಾ ಆಗೋದಾದ್ರೆ ಆ ಬೆಂಚಿನ ಬಗ್ಗೆ ಆಗುತ್ತೆ, ಅಮೆರಿಕದ ಯಾರದೋ 1990ರ ಬಗ್ಗೆ ಅಲ್ಲ.

ಎರಡನೇ ರಿವ್ಯೂನಲ್ಲಿ ಮೇಡಂ ಚಿತ್ರದ ಬಗ್ಗೆ ಏನೂ ಕೇಳಲಿಲ್ಲ, ಚಪಾತಿ ಜೋಕಿಗೆ ನಕ್ಕರು. ಆಮೇಲೆ ಕೋಡ್ ಬಗ್ಗೆ ಆರು ಪ್ರಶ್ನೆ ಕೇಳಿದ್ರು. ಎರಡಕ್ಕೆ ಉತ್ತರ ಹೇಳಿದ್ವಿ.