ವಿಕೆಟ್ಟಿನ ಹಿಂದೆ

ಕ್ರಿಕೆಟ್ ಆಟದಲ್ಲಿ ಪ್ರತಿಯೊಂದು ಚೆಂಡಿಗೂ ಕಾದು ಕುಳಿತಿರಬೇಕಾದವನು ವಿಕೆಟ್ ಕೀಪರ್. ಬೌಲರನಿಗೆ ಆರು ಚೆಂಡಾದ ಮೇಲೆ ಬಿಡುವುಂಟು. ದಾಂಡಿಗನು ಔಟಾದರೆ ನೆರಳಿಗೆ ಹೋಗಬಹುದು. ಕೀಪರನಿಗಾದರೋ ಟೆಸ್ಟ್ ಪಂದ್ಯದ ಒಂದು ಪೂರ್ಣ ದಿನದಲ್ಲಿ ಐನೂರಕ್ಕೂ ಹೆಚ್ಚು ಸಲ ಕುಕ್ಕುರುಗಾಲಿನಲ್ಲಿ ಕುಳಿತು ಏಳುವ ಕೆಲಸ. ಇಷ್ಟಾದರೂ ಅದು ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ದಾಂಡಿಗೂ ತಾಗದೆ, ಅವನ ಕೈಗೂ ಸಿಗದೆ ಚೆಂಡು ಹಿಂದಕ್ಕೆ ಹೋದಾಗ ಬರುವ ಓಟಕ್ಕೆ ‘ಬೈ’ ಎಂದು ಹೆಸರು. ಅದು ಬೌಲರನ ಲೆಕ್ಕಕ್ಕೆ ಸೇರದು. ನೋಡುವವರು ಕೀಪರನ ತಲೆಗೇ ಕಟ್ಟುತ್ತಾರೆ.

ಗುಬ್ಬಿ ಕಡೆಯ ಬೇಸಾಯದ ಮನೆಯಿಂದ ಬಂದ ನಾನು ಕಾಲೇಜು ತಂಡದಲ್ಲಿ ಈ ಜಾಗದಲ್ಲಿ ನಿಲ್ಲುತ್ತೇನೆ. ಪಂದ್ಯ ಮುಗಿಸಿ ಮನೆಗೆ ಹೋದರೆ, “ಇವತ್ತೇನು ಮಾಡಿದೆಯಪ್ಪಾ?” ಎಂದು ತಂದೆಯವರು ಕೇಳುತ್ತಾರೆ. “ಒಂದು ಬೈಯನ್ನೂ ಬಿಡಲಿಲ್ಲ” ಎಂದರೆ, “ಹಾಗಾದರೆ ಏನೂ ಮಾಡಲಿಲ್ಲ ಅನ್ನು” ಎನ್ನುತ್ತಾರೆ. ಈ ‘ಏನೂ ಇಲ್ಲ’ದ ಬೆಲೆ ತಿಳಿಯಬೇಕಾದರೆ ನಮ್ಮ ನಾಡಿನ ಸೈಯದ್ ಕಿರ್ಮಾನಿಯವರನ್ನು ನೋಡಬೇಕು.

ಅವರು ಹುಟ್ಟಿದುದು 1949ರಲ್ಲಿ ಮದರಾಸಿನಲ್ಲಿ, ಬೆಳೆದುದು ಬೆಂಗಳೂರಿನಲ್ಲಿ. ಬಾಲ್ಯದ ಬೀದಿಯಾಟದಲ್ಲಿ ಕೈಗವಸಿಗೆ ಬದಲಾಗಿ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಅಮೆರಿಕದ ಬೇಸ್‌ಬಾಲಿನಲ್ಲಿ ಕ್ಯಾಚರನು ಬೆರಳುಸನ್ನೆಯಿಂದ ಯಾವ ಚೆಂಡು ಬೇಕೆಂದು ಎಸೆಗಾರನಿಗೆ ಸೂಚಿಸುತ್ತಾನೆ. ಕ್ರಿಕೆಟ್ ಕೀಪರನು ಬೌಲರನ ಮಣಿಕಟ್ಟನ್ನು ಓದಿಯೇ ತಿಳಿಯಬೇಕು. ಆ ಕಾಲದ ಕರ್ನಾಟಕ ತಂಡದಲ್ಲಿ ಓದಬೇಕಾಗಿದ್ದುದಾದರೂ ಎಂಥ ಕೈಗಳನ್ನು! ಒಂದು ಕಡೆ ಗಾಳಿಯಲ್ಲೇ ಚೆಂಡನ್ನು ತಡೆದು ಇಳಿಸುವ ಪ್ರಸನ್ನ. ಇನ್ನೊಂದು ಕಡೆ ಪೋಲಿಯೋದಿಂದ ಸೊರಗಿದ ತೋಳನ್ನೇ ಚಾಟಿಯಂತೆ ಬೀಸುವ ಚಂದ್ರಶೇಖರ್. ಚಂದ್ರಶೇಖರರ ಗೂಗ್ಲಿ ದಾಂಡಿಗನನ್ನು ವಂಚಿಸಿದಾಗ ಕೀಪರನೂ ವಂಚಿತನಾದರೆ ಫಲವೇನು?

ಕಾಯುವುದು ಅವರಿಗೆ ಮೈದಾನದ ಹೊರಗೂ ತಪ್ಪಲಿಲ್ಲ. 1971 ಮತ್ತು 1974ರಲ್ಲಿ ಇಂಗ್ಲೆಂಡಿಗೆ ಹೋದರೂ, ಫಾರೂಕ್ ಎಂಜಿನಿಯರ್ ಇದ್ದುದರಿಂದ ಟೆಸ್ಟ್ ಆಡಲಿಲ್ಲ. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್. ಎರಡನೆಯದರಲ್ಲಿಯೇ ಒಂದು ಇನಿಂಗ್ಸಿನಲ್ಲಿ 6 ಮಂದಿಯನ್ನು ಔಟು ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆದರೂ 1979ರ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಡಲಾಯಿತು. ಇದು ನ್ಯಾಯವಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಅದೇ ವರ್ಷದ ನವೆಂಬರಿನಲ್ಲಿ, ಮುಂಬಯಿಯಲ್ಲಿ ಆಸ್ಟ್ರೇಲಿಯದ ಎದುರು, ಸಂಜೆಯ ಕಾವಲಿಗೆಂದು ಕಳುಹಿಸಿದ ಇವರು ಔಟಾಗದೆ 101 ಓಟ ಗಳಿಸಿದುದೇ ಸಾಕಷ್ಟು ಉತ್ತರ. 1981-82ರಲ್ಲಿ ಇಂಗ್ಲೆಂಡಿನ ವಿರುದ್ಧ ಸತತ 3 ಟೆಸ್ಟ್‌ಗಳಲ್ಲಿ ಅವರು ಒಂದು ಬೈಯನ್ನೂ ಬಿಡಲಿಲ್ಲ. ಶತಕಕ್ಕಿಂತ ನನಗೆ ಈ ಸೊನ್ನೆಯೇ ದೊಡ್ಡದಾಗಿ ಕಾಣುತ್ತದೆ.

ಒಟ್ಟು 88 ಟೆಸ್ಟ್‌ಗಳಲ್ಲಿ 160 ಕ್ಯಾಚು, 38 ಸ್ಟಂಪಿಂಗ್. 1983ರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ಕೀಪರನೆಂಬ ಬಹುಮಾನವೂ ಬಂದಿತು. ಆ ವರ್ಷ ಜೂನ್ 18ರಂದು ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ಎದುರು, 140ಕ್ಕೆ 8 ವಿಕೆಟ್ ಬಿದ್ದಾಗ ಕಿರ್ಮಾನಿಯವರು ಕಪಿಲ್ ದೇವರಿಗೆ ಜೊತೆಯಾದರು. ಇಬ್ಬರೂ ಮುರಿಯದೆ 126 ಓಟ ಸೇರಿಸಿದರು. ಕಪಿಲ್ ಎಷ್ಟು ಹೊಡೆದರೆಂದು ತುಮಕೂರಿನ ನಮ್ಮ ತರಗತಿಯಲ್ಲಿ ಕೇಳಿದೆ. “175” ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಕಿರ್ಮಾನಿ? ಕುಣಿಗಲ್ಲಿನ ಮಿತ್ರನೊಬ್ಬನು ಮಾತ್ರ, “24, ಔಟಾಗದೆ” ಎಂದನು. ಅವನೂ ಅವರ ಊರಿನ ತಂಡದ ಕೀಪರನೇ.